ಬೀಗರ ಮೀನು

ಸೆಪ್ಟೆಂಬರ್ 20, ಶುಕ್ರವಾರ

ಮದುವೆಯಾಗಿ ಆರು ದಿನ. ಆರೇ ದಿನ! ನನಗಂತೂ ಆರು ನಿಮಿಷದಂತಿದೆ. ಈ ಪುಸ್ತಕವನ್ನು ಚಳಿಗಾಲದ ಕಾಲುಚೀಲಗಳ ಕೆಳಗೆ ಬಚ್ಚಿಟ್ಟಿದ್ದೇನೆ. ಅಸ್ರೋರ್ ಕಣ್ಣಿಗೆ ಬಿದ್ದರೆ ನಾಚಿಕೆಯಿಂದ ಸತ್ತೇ ಹೋಗುತ್ತೇನೆ, ಇದರ ತುಂಬ ಅವರೇ ಇರುತ್ತಾರಲ್ಲ!

ಅಸ್ರೋರ್ ಚಹಾ ಬಟ್ಟಲನ್ನು ತುಟಿಗಿಟ್ಟ ಕೂಡಲೇ ಕನ್ನಡಕಕ್ಕೆ ಆವಿ ಹತ್ತುತ್ತದೆ. ತೆಗೆದು ಅಂಗಿಯ ತುದಿಯಿಂದ ಒರೆಸುವಾಗ ಅವರಿಗೆ ಲೋಕವೆಲ್ಲ ಮಸುಕಂತೆ. "ನೀನೊಬ್ಳು ಮಾತ್ರ ಸರಿಯಾಗಿ ಕಾಣ್ತೀಯ ಜಿಲೋಲಾ" ಎಂದರು! ಕನ್ನಡಕದಂಗಡಿ ಇಟ್ಟುಕೊಂಡು ಅರ್ಧ ತಾಷ್ಕೆಂಟಿನ ಕಣ್ಣು ಪರೀಕ್ಷೆ ಮಾಡುವವರೇ ಹೇಳಿದ ಮೇಲೆ ನಂಬದೆ ಏನು ಮಾಡಲಿ?

ಐದಕ್ಕೆ ಏಳುವುದು ಮಾತ್ರ ಕಷ್ಟ. ಅಂಗಳ ಗುಡಿಸಿ, ಬಾಗಿಲ ಹೊರಗಿನ ಬೀದಿಯನ್ನೂ ಗುಡಿಸಿ ನೀರು ಚಿಮುಕಿಸಬೇಕು. ಹೊಸ ಸೊಸೆ ಎಷ್ಟು ಹೊತ್ತಿಗೆ ಎದ್ದಳೆಂದು ಇಡೀ ಕೇರಿಗೆ ಪೊರಕೆಯ ಸದ್ದಿನಿಂದಲೇ ತಿಳಿಯುತ್ತದೆ. ಆಮೇಲೆ ಮದುಮಗಳನ್ನು ನೋಡಲು ನೆರೆಯ ಹೆಂಗಸರು. ಮುಸುಕು ಹೊದ್ದು ಸೊಂಟ ಬಗ್ಗಿಸಿ ಒಬ್ಬೊಬ್ಬರಿಗೆ ಮೂರು ಮೂರು ಸಲಾಮು. ಇವತ್ತು ಎಂಬತ್ತೊಂದು! ನಮ್ಮ ಮನೆಯಲ್ಲಿ ಅಮ್ಮ ಎಂಟು ಗಂಟೆಗೆ ಮೂಗು ಹಿಂಡಿ ಎಬ್ಬಿಸುತ್ತಿದ್ದಳು.

ಅಸ್ರೋರರ ಅಜ್ಜಿ ಮದುಮಗಳ ಮೊದಲ ನಲವತ್ತು ದಿನದ ಕಾನೂನು ಓದಿ ಹೇಳಿದ್ದಾರೆ. ಒಬ್ಬಳೇ ಇರಕೂಡದು, ಕತ್ತಲಾದ ಮೇಲೆ ಹೊಸ್ತಿಲು ದಾಟಕೂಡದು, ಹರಿಯುವ ನೀರು ದಾಟಕೂಡದು, ಭೂತ ಹಿಡಿಯುತ್ತದಂತೆ.

"ಬೀದಿ ಕಾಲುವೆ ದಾಟ್ಬಹುದಾ ಅಜ್ಜಿ?"

"ದಾಟ್ಬಾರ್ದು. ನೆಗೀಬಹುದು."

ಸೆಪ್ಟೆಂಬರ್ 24, ಮಂಗಳವಾರ

ಇವತ್ತು ಒಂದು ಸುಳ್ಳು ಹೇಳಿದೆ. ಪುಟ್ಟದು.

ನಾನು ಹೆಚ್ಚಿದ ಈರುಳ್ಳಿಯನ್ನು ಅತ್ತೆ ಮತ್ತೊಮ್ಮೆ ಹೆಚ್ಚುತ್ತ ಕೇಳಿದರು: "ನಿಮ್ಮಪ್ಪನ ಕೊಳದ ಹತ್ರ ಮೀನು ಕೊಯ್ಯೋದೆಲ್ಲ ಯಾರಮ್ಮ? ನೀನೂ ಕೈ ಹಾಕ್ತಿದ್ಯಾ?"

"ಅಯ್ಯೋ ಇಲ್ಲ ಅತ್ತೆ! ಮೀನಿನ ವಾಸನೆ ಬಂದ್ರೇ ನಂಗೆ ತಲೆ ತಿರುಗುತ್ತೆ."

"ಇಂಗ್ಲಿಷ್ ಶಾಲೇಲಿ ಓದಿದ ಹುಡುಗಿ," ಎಂದರು ಅತ್ತೆ, ನನಗಲ್ಲ, ಈರುಳ್ಳಿಗೆ.

ಹೇಳದೆ ಏನು ಮಾಡಲಿ? ಚಿರ್ಚಿಕ್ ನದಿಯ ಮೇಲ್ಭಾಗದಲ್ಲಿ ಅಪ್ಪನಿಗೆ ಟ್ರೌಟ್ ಮೀನು ಸಾಕುವ ಕೊಳಗಳಿವೆ ಎಂದು ಇವರಿಗೆಲ್ಲ ಗೊತ್ತು. ಏಳನೇ ವಯಸ್ಸಿನಿಂದ ಆ ಕೊಳಗಳಲ್ಲಿ ಮೊಣಕೈವರೆಗೆ ಮುಳುಗಿ ಬೆಳೆದವಳು ನಾನು ಎಂದು ಗೊತ್ತಿಲ್ಲ. ಶಾಲೆಯಲ್ಲಿ ಕಮಿಲಾ ಎಂಬವಳು ದಿನಾ ನನ್ನ ಮೇಜಿನ ಮೇಲೆ ಅರ್ಧ ನಿಂಬೆಹಣ್ಣು ಇಟ್ಟು "ಕೈ ಉಜ್ಜಿಕೋ" ಎನ್ನುತ್ತಿದ್ದಳು, ಅದೂ ಇಂಗ್ಲಿಷಿನಲ್ಲಿ! ಮದುವೆಯಾದ ಮೇಲೆ ಮೀನಿಗೂ ನನಗೂ ಸಂಬಂಧವಿಲ್ಲ ಎಂದು ಅಂದೇ ನಿರ್ಧರಿಸಿದ್ದೆ.

ನಿರ್ಧರಿಸಿ ಮದುವೆಯಾದದ್ದು ಯಾರನ್ನು? ಭಾನುವಾರ ಬಂತೆಂದರೆ ಗಾಳದ ಕೋಲು ಹಿಡಿದು ನದಿಗೆ ಓಡುವವರನ್ನು!

ಸೆಪ್ಟೆಂಬರ್ 29, ಭಾನುವಾರ

ನದಿಗೆ ಹೋಗಿದ್ದೆ! ಅಜ್ಜಿ ನನ್ನ ಚೀಲಕ್ಕೆ ಒಂದು ತುಂಡು ರೊಟ್ಟಿ ಹಾಕಿ (ಭೂತಕ್ಕೆ, ನನಗಲ್ಲ) ಅಪ್ಪಣೆ ಕೊಟ್ಟರು. ಮಧ್ಯಾಹ್ನದೊಳಗೆ ವಾಪಸ್, ಮತ್ತು ಈಚೆ ದಡದಲ್ಲೇ.

ಅಸ್ರೋರ್ ನಿಲ್ಲುವ ಜಾಗ ವರ್ತುಲ ರಸ್ತೆಯ ಸೇತುವೆಯ ಕೆಳಗೆ. ತಲೆಯ ಮೇಲೆ ಲಾರಿಗಳ ಗುಡುಗು, ಎಡಕ್ಕೆ ಜಲ್ಲಿ ಸೋಸುವವರು, ಬಲಕ್ಕೆ ಕಬಾಬಿನ ಹೊಗೆ, ಪೊದೆಗಳ ತುಂಬ ಪ್ಲಾಸ್ಟಿಕ್ ಚೀಲಗಳು. ನಡುವೆ ನೀರು ಮಾತ್ರ ಹಸಿರು ಗಾಜು. ಮೇಲಿನ ಅಣೆಕಟ್ಟೆಯ ತಳದಿಂದ ಬರುವುದರಿಂದ ಬೇಸಗೆಯಲ್ಲೂ ಹಲ್ಲು ಕಟಕಟ ಎನ್ನುತ್ತದೆ. ಮಾವ ಮೂವತ್ತು ವರ್ಷ ವಿದ್ಯುತ್ ಕೇಂದ್ರದಲ್ಲಿದ್ದವರು. ಮನೆಯಲ್ಲೇ ಕುಳಿತು ಫೋನಿನಲ್ಲಿ ನದಿ ಓಡಿಸುತ್ತಾರೆ: "ಹನ್ನೊಂದಕ್ಕೆ ಇನ್ನೊಂದು ಯಂತ್ರ ಶುರು ಮಾಡ್ತಾರೆ. ಅಷ್ಟ್ರೊಳಗೆ ದಡಕ್ಕೆ ಬಾ." ಹನ್ನೊಂದು ಹತ್ತಕ್ಕೆ ನೀರು ನಿಜಕ್ಕೂ ಒಂದು ಮೊಳ ಏರಿತು!

ಅಲ್ಲಿ ಕಿಮ್ ಎಂಬ ಕೊರಿಯನ್ ತಾತ ಮಡಿಸುವ ಕುರ್ಚಿಯಲ್ಲಿ ಕೂತಿರುತ್ತಾರೆ. ನನ್ನನ್ನು ನೋಡಿದ್ದೇ, "ಬಾಮ್ಮಾ ಬಾ. ನಿನ್ನ ಗಂಡ ಮೂರು ವರ್ಷದಿಂದ ಈ ನದಿಗೆ ತಗಡು ದಾನ ಮಾಡ್ತಾ ಇದ್ದಾನೆ. ಪುಣ್ಯಾತ್ಮ!" ಎಂದರು.

ತಗಡೆಂದರೆ ಗಾಳದ ತುದಿಯ ಬೆರಳುದ್ದದ ಹೊಳೆಯುವ ಚೂರು. ಎಸೆದು ಸುತ್ತಿಕೊಳ್ಳುವಾಗ ಅದು ನೀರಿನೊಳಗೆ ಗಾಯಗೊಂಡ ಮರಿಮೀನಿನಂತೆ ಗಿರಗಿರ ತಿರುಗಬೇಕು. ಅಸ್ರೋರರದು ತಿರುಗುವ ಮೊದಲೇ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಮೂರು ವರ್ಷದಲ್ಲಿ ಅವರಿಗೆ ಸಿಕ್ಕಿದ್ದು ಅಂಗೈಯುದ್ದದ ಮೂರು ಟ್ರೌಟ್. ಆದರೂ ಅವರ ಮುಖ ನೋಡಬೇಕಿತ್ತು, ಸಾಕ್ಷಾತ್ ಸುಲ್ತಾನ!

"ಇವು ಕೊಳದಿಂದ ತಪ್ಪಿಸ್ಕೊಂಡ್ ಬಂದವಲ್ಲ ಜಿಲೋಲಾ. ಈ ನದೀಲೇ ಹುಟ್ಟಿದ್ದು. ಒಂದು ದೊಡ್ಡದು ಸಿಗ್ಲಿ, ಬೀಗರೂಟಕ್ಕೆ ನಿಮ್ಮಪ್ಪನ ಎದುರಿಗೇ ಇಡ್ತೀನಿ."

ಅಪ್ಪ ಹೆಣ್ಣು ಕೊಡುವ ಮಾತುಕತೆಯ ದಿನವೇ, ಎರಡೂ ಕಡೆಯವರ ಮುಂದೆ, "ಹುಡುಗಂಗೆ ಮೀನು ಹಿಡಿಯೋಕ್ ಬರುತ್ತೋ, ಬರೀ ನೀರು ನೋಡೋಕ್ ಬರುತ್ತೋ?" ಎಂದು ಕೇಳಿಬಿಟ್ಟಿದ್ದ. ಎಲ್ಲರೂ ನಕ್ಕಿದ್ದರು. ಅಸ್ರೋರ್ ಕೂಡ ನಕ್ಕಿದ್ದರು. ನಗು ಇನ್ನೂ ಗಂಟಲಲ್ಲೇ ಇದೆ ಎಂದು ಇವತ್ತು ಗೊತ್ತಾಯಿತು. ಅಕ್ಟೋಬರ್ 27ಕ್ಕೆ ನಮ್ಮ ಮನೆಯವರೆಲ್ಲ ಇಲ್ಲಿಗೆ ಊಟಕ್ಕೆ ಬರುತ್ತಾರೆ. ಅದಕ್ಕೆ ಮೊದಲು ಉಳಿದಿರುವುದು ಮೂರೇ ಭಾನುವಾರ.

"ನೀನೂ ಒಂದ್ಸಲ ಎಸಿ," ಎಂದು ಕೋಲು ಕೊಟ್ಟರು. ಬರದವಳಂತೆ ಎಸೆಯಬೇಕೆಂದು ಮನಸ್ಸು ಹೇಳಿತು, ಕೈ ಕೇಳಲಿಲ್ಲ. ತಗಡು ಹೋಗಿ ದೂರದ ಬಂಡೆಯ ಹಿಂದಿನ ಮಡುವಿನಲ್ಲಿ ಮೆತ್ತಗೆ ಬಿತ್ತು.

"ಅಬ್ಬಾ, ಅದೃಷ್ಟ ನೋಡು!" ಎಂದರು ಅಸ್ರೋರ್.

ಕಿಮ್ ತಾತ ನನ್ನನ್ನೊಮ್ಮೆ ನೋಡಿ, ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದರು.

ಅಕ್ಟೋಬರ್ 8, ಮಂಗಳವಾರ

ಎಷ್ಟು ದಿನವಾಯಿತು ಬರೆದು! ಸಲಾಮು, ಪೊರಕೆ, ಈರುಳ್ಳಿ. ಭಾನುವಾರ ಮೀನಿಲ್ಲ, ಎರಡು ತಗಡು ನದಿಪಾಲು. ಅತ್ತೆ ಇವತ್ತು ನನ್ನ ಈರುಳ್ಳಿಯನ್ನು ಮತ್ತೆ ಹೆಚ್ಚಲಿಲ್ಲ. ಗಮನಿಸಿದೆ, ತೋರಿಸಿಕೊಳ್ಳಲಿಲ್ಲ.

ಅಕ್ಟೋಬರ್ 20, ಭಾನುವಾರ

ಸಿಕ್ಕಿತು! ಸಿಕ್ಕಿತು! ಸಿಕ್ಕಿತು!

ನಾನು ಹೋಗಿರಲಿಲ್ಲ, ಬೀಗರೂಟಕ್ಕೆ ತಟ್ಟೆಗಳನ್ನು ತೊಳೆಯುತ್ತಿದ್ದೆ. ಬಾಗಿಲಲ್ಲಿ ಕಾರಿನ ಹಾರ್ನು ನಿಲ್ಲಲೇ ಇಲ್ಲ. ಅಸ್ರೋರ್ ಎದೆಮಟ್ಟ ಒದ್ದೆ, ಕನ್ನಡಕ ಒಂದೇ ಕಿವಿಯ ಮೇಲೆ. ಹಿಂದೆ ಕಿಮ್ ತಾತ, ಡಿಕ್ಕಿಯಲ್ಲಿ ಅರ್ಧ ನೀರು ತುಂಬಿದ ನೀಲಿ ಪೀಪಾಯಿ, ಅದರೊಳಗೆ ಅದು! ನನ್ನ ತೋಳಿನುದ್ದ, ಪಕ್ಕದಲ್ಲಿ ಕಿವಿರಿನಿಂದ ಬಾಲದವರೆಗೆ ನಸುಗೆಂಪು ಪಟ್ಟಿ, ಮೈತುಂಬ ಮೆಣಸು ಚೆಲ್ಲಿದಂಥ ಚುಕ್ಕೆ.

"ಇಪ್ಪತ್ತು ನಿಮಿಷ ಎಳೆದಾಡ್ತು," ಎಂದರು ಅಸ್ರೋರ್.

"ಇಪ್ಪತ್ತು ನಿಮಿಷ ಇವನನ್ನ ಅದು ಎಳೆದಾಡ್ತು," ಎಂದರು ತಾತ.

ಭಾನುವಾರದವರೆಗೆ ಜೀವಂತ ಇಡಬೇಕಂತೆ, ಬೀಗರ ಕಣ್ಣೆದುರೇ ಎತ್ತಿ ಹುರಿಯಬೇಕಂತೆ. ಮಾವ ಗಂಟೆಯೊಳಗೆ ಅಂಗಳದ ಹೌಜಿಗೆ, ಅಂದರೆ ನೀರಿನ ತೊಟ್ಟಿಗೆ, ಬೀದಿ ಕಾಲುವೆಯ ತಣ್ಣೀರು ತಿರುಗಿಸಿ, ಒಂದು ಕೊಳವೆಯಿಂದ ಮೇಲಿನಿಂದ ಬೀಳುವಂತೆಯೂ ಮಾಡಿದರು. ನಿವೃತ್ತಿಯ ನಂತರ ಅವರು ಇಷ್ಟು ಖುಷಿಯಾಗಿದ್ದು ಇದೇ ಮೊದಲು ಎಂದರು ಅತ್ತೆ.

ಅಸ್ರೋರ್ ಈಗ ಹೌಜಿನ ಪಕ್ಕ ಮಂಡಿಯೂರಿ ಕೂತು ಅದಕ್ಕೆ ಏನೋ ಹೇಳುತ್ತಿದ್ದಾರೆ. ನನಗೆ ಹೊಟ್ಟೆಕಿಚ್ಚಾಗಬೇಕೇನೋ. ಎಷ್ಟು ಮುದ್ದು!

ಅಕ್ಟೋಬರ್ 21, ಸೋಮವಾರ

ಬೆಳಗ್ಗೆ ನೀರು ಚಿಮುಕಿಸಲು ತಗಡಿನ ಬಕೆಟ್ಟನ್ನು ಹೌಜಿನ ಕಟ್ಟೆಯ ಮೇಲಿಟ್ಟೆ. ಹಿಡಿ ಠಣ್ ಎಂದಿತು. ಮೀನು ತಳದಿಂದ ಎದ್ದು ನೇರ ನನ್ನ ಬಳಿ ಬಂದು ಬಾಯಿ ತೆರೆಯಿತು.

ನದಿಯ ಮೀನು ನೆರಳು ಬಿದ್ದರೆ ಓಡುತ್ತದೆ. ಬಕೆಟ್ಟಿನ ಸದ್ದಿಗೆ ಓಡಿ ಬರುವುದು ಬಕೆಟ್ಟಿನಿಂದ ಉಂಡ ಮೀನು ಮಾತ್ರ.

ಬೆನ್ನಿನ ಮೇಲೆ ಬಾಲದ ಹತ್ತಿರ ಟ್ರೌಟಿಗೆ ಒಂದು ಪುಟ್ಟ ಮೆತ್ತನೆಯ ರೆಕ್ಕೆ ಇರುತ್ತದೆ, ಬೆರಳ ತುದಿಯಷ್ಟು. ಇದಕ್ಕೆ ಇಲ್ಲ. ಆ ಜಾಗದಲ್ಲಿ ನುಣ್ಣಗೆ ಕತ್ತರಿಸಿದ ಗುರುತು. ಮರಿ ಮಾಡಿಸಲು ಆರಿಸಿದ ತಾಯಿಮೀನುಗಳಿಗೆ ಗುರುತಿಗೆಂದು ಅಪ್ಪ ಅದನ್ನು ಕತ್ತರಿಸುತ್ತಾನೆ. ಅಪ್ಪ ಅಲ್ಲ, ನಾನು. ನಮ್ಮ ಮನೆಯಲ್ಲಿ ಪ್ರತಿ ವಸಂತದಲ್ಲೂ ಉಗುರು ಕತ್ತರಿಯಿಂದ ಆ ಕೆಲಸ ಮಾಡುತ್ತಿದ್ದವಳು ನಾನೇ. ಮೇ ತಿಂಗಳ ಪ್ರವಾಹದಲ್ಲಿ ಬಲೆ ಹರಿದು ನಲವತ್ತು ತಾಯಿಮೀನು ನದಿಗೆ ಹೋದವು. ಅಪ್ಪ ಎರಡು ದಿನ ಊಟ ಮಾಡಲಿಲ್ಲ.

ಅಸ್ರೋರ್ ಹಲ್ಲುಜ್ಜುತ್ತ ಬಂದರು. ನಾನು ಬಕೆಟ್ಟು ಎತ್ತಿದೆ, ಮೀನು ಮತ್ತೆ ಬಂತು. "ನೋಡ್ದ್ಯಾ?" ಎಂದರು ನೊರೆ ಬಾಯಲ್ಲೇ. "ಹೆದರಿಕೇನೇ ಇಲ್ಲ! ಕಾಡು ಮೀನು ಅಂದ್ರೆ ಹಾಗೆ!"

ನಾನು ನಕ್ಕೆ.

ಅಕ್ಟೋಬರ್ 23, ಬುಧವಾರ

ಇಡೀ ಕೇರಿ ಬಂದು ನೋಡಿ ಹೋಯಿತು. ಕ್ಷೌರದಂಗಡಿಯವರು, ರೊಟ್ಟಿಯಂಗಡಿಯವರು, ಮಸೀದಿಯಿಂದ ಬರುವ ಹಿರಿಯರೆಲ್ಲ. ಭಾನುವಾರ ಮೂರು ಕಿಲೋ ಇದ್ದದ್ದು ಇವತ್ತು ಐದಾಗಿದೆ. ಅಸ್ರೋರ್ ಸುಳ್ಳು ಹೇಳುವುದಿಲ್ಲ, ಕೇಳುವವರು ಏರಿಸುತ್ತಾರೆ, ಅವರು ತಡೆಯುವುದಿಲ್ಲ ಅಷ್ಟೇ.

ಅಪ್ಪ ಹೌಜಿನ ಹತ್ತಿರ ಬಂದು ಒಂದು ಸಲ ಬಗ್ಗಿದರೆ ಸಾಕು. ಮನಸ್ಸಿಗೆ ಬಂದದ್ದನ್ನು ಬಾಯಲ್ಲಿ ತಡೆಯುವ ಮನುಷ್ಯನಲ್ಲ ಅವನು. ಮೂವತ್ತು ಜನರ ಮುಂದೆ, "ಅಳಿಯಂದ್ರೇ, ನನ್ನ ಮೀನು ನಂಗೇ ಉಣಿಸ್ತೀರಾ?" ಎಂದುಬಿಟ್ಟರೆ ಅಸ್ರೋರ್ ಆಯುಷ್ಯವಿಡೀ ಆ ಸೇತುವೆಯ ಕೆಳಗೆ ನಿಲ್ಲಲಾರರು. ನಮ್ಮ ಮನೆಗೂ ಬರಲಾರರು.

ಅಕ್ಟೋಬರ್ 24, ಗುರುವಾರ

ಇವತ್ತಿಗೆ ನಲವತ್ತು ದಿನ ಮುಗಿಯಿತು. ಅದನ್ನು ಹೀಗೆ ಆಚರಿಸಿದೆ: ಬೆಳಕು ಹರಿಯುವ ಹೊತ್ತಿಗೆ ಹೌಜಿಗೆ ಕೈ ಹಾಕಿ ಮೀನನ್ನು ಎತ್ತಿದೆ. ಕಾಲುವೆಗೆ ಬಿಟ್ಟು, ಬೆಕ್ಕು ಕಚ್ಚಿಕೊಂಡು ಹೋಯಿತು ಎನ್ನುವ ಯೋಚನೆ. ಐದು ಕಿಲೋ ಮೀನು ಹೊರುವ ಬೆಕ್ಕು!

"ತಲೆ ತಿರುಗ್ತಾ ಇಲ್ವಾ?"

ಜಗಲಿಯ ಮೇಲೆ ಅಜ್ಜಿ. ನನ್ನ ಒಂದು ಕೈ ಮೀನಿನ ಹೊಟ್ಟೆಯಡಿ, ಇನ್ನೊಂದು ಬಾಲದ ಬುಡದಲ್ಲಿ. ಹಾಗೆ ಹಿಡಿದರೆ ಅದು ಒದ್ದಾಡುವುದಿಲ್ಲ. ಅದನ್ನು ಯಾರೂ ಒಂದೇ ದಿನದಲ್ಲಿ ಕಲಿಯುವುದೂ ಇಲ್ಲ.

ಮೀನನ್ನು ನೀರಿಗಿಟ್ಟು ಎಲ್ಲ ಹೇಳಿದೆ. ಕತ್ತರಿ, ರೆಕ್ಕೆ, ಬಕೆಟ್ಟು, ನಿಂಬೆಹಣ್ಣು ಕೂಡ.

"ಸರಿ, ಕಾಲುವೆಗೆ ಬಿಡ್ತೀಯ. ಭಾನುವಾರ ಅವನು ಖಾಲಿ ಹೌಜಿನ ಮುಂದೆ ನಿಂತ್ಕೋತಾನೆ. ಅದು ಚೆನ್ನಾಗಿರುತ್ತಾ?"

"ಇಲ್ಲ ಅಜ್ಜಿ."

"ನಿಮ್ಮಪ್ಪ ಹೇಳೋದಕ್ಕೂ ನೀನು ಹೇಳೋದಕ್ಕೂ ವ್ಯತ್ಯಾಸ ಇದೆ. ಅವನು ಹೇಳಿದ್ರೆ ಜನರ ಮುಂದೆ. ನೀನು ಹೇಳಿದ್ರೆ ಬಾಗಿಲು ಹಾಕ್ಕೊಂಡು."

ಅಕ್ಟೋಬರ್ 25, ಶುಕ್ರವಾರ

ಹೇಳಿದೆ. ಅವರು ಅಂಗಡಿಯಿಂದ ಬಂದು ಕೋಟು ಬಿಚ್ಚುತ್ತಿದ್ದರು. ಅರ್ಧ ಬಿಚ್ಚಿದ ಕೋಟಿನಲ್ಲೇ ಹೌಜಿಗೆ ಹೋಗಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದರು.

"ಯಾವಾಗಿಂದ ಗೊತ್ತು ನಿಂಗೆ?"

"ಸೋಮವಾರ."

"ಐದು ದಿನ ನಾನು ಊರಿಡೀ ಹೇಳ್ಕೊಂಡು ಕುಣೀತಿದ್ದೆ. ನೀನು ಪಕ್ಕದಲ್ಲಿ ನಿಂತ್ಕೊಂಡು ಚಹಾ ಕೊಡ್ತಾ ನಗ್ತಾ ಇದ್ದೆ."

"ನಿಮ್ಮನ್ನ ನೋಡಿ ನಗ್ಲಿಲ್ಲ..."

"ಮೀನು ಯಾರದ್ದಾದ್ರೂ ಆಗ್ಲಿ ಜಿಲೋಲಾ. ನನ್ನನ್ನ ಹಾಗೆ ಕುಣಿಯೋಕೆ ಬಿಟ್ಯಲ್ಲ."

ಕೋಟನ್ನು ಮತ್ತೆ ಹಾಕಿಕೊಂಡು ಬೀದಿಗೆ ಹೋದರು. 

ಅಕ್ಟೋಬರ್ 26, ಶನಿವಾರ

ಹನ್ನೆರಡು ಕಿಲೋ ಕ್ಯಾರೆಟ್ ಹೆಚ್ಚಿದೆ. ಅವರು ಮಾತಾಡಲಿಲ್ಲ.

ಅಕ್ಟೋಬರ್ 27, ಭಾನುವಾರ

ಕೈ ನೋಯುತ್ತಿದೆ, ಆದರೂ ಎಲ್ಲವನ್ನೂ ಬರೆಯಬೇಕು.

ಹನ್ನೆರಡಕ್ಕೆ ಬಂದರು. ಅಪ್ಪ ಮದುವೆಯ ಕೋಟಿನಲ್ಲಿ, ಅಮ್ಮ ದಾಳಿಂಬೆ ಬುಟ್ಟಿಯೊಂದಿಗೆ, ಚಿಕ್ಕಪ್ಪಂದಿರು, ಅತ್ತಿಗೆಯಂದಿರು. ಕಿಮ್ ತಾತನಿಗೂ ಕರೆ ಹೋಗಿತ್ತು. ಗಂಡಸರು ದೊಡ್ಡ ಕೋಣೆಗೆ, ಹೆಂಗಸರು ಒಳಕ್ಕೆ, ಹೀಗೆ ಏರ್ಪಾಡು. ಆದರೆ ಯಾರೂ ಅಂಗಳ ದಾಟಲಿಲ್ಲ. ಕೇರಿಯವರು ಬಾಗಿಲಲ್ಲೇ ಅಪ್ಪನಿಗೆ ಹೇಳಿಬಿಟ್ಟಿದ್ದರು: "ನಿಮ್ಮಳಿಯ ಹಿಡಿದಿರೋದನ್ನ ನೋಡ್ಬನ್ನಿ!"

ಅಪ್ಪ ಹೌಜಿನತ್ತ ಹೊರಟ. ನಾನು ಚಹಾ ತಟ್ಟೆ ಹಿಡಿದು ಅಲ್ಲೇ ಕಂಬದ ಪಕ್ಕ ನಿಂತಿದ್ದೆ. ಅಪ್ಪ ಬಗ್ಗಿದ. ಅವನ ಹುಬ್ಬು ಏರಿತು, ಬಾಯಿ ತೆರೆಯಿತು.

"ಮಾವ," ಎಂದರು ಅಸ್ರೋರ್, ಇಷ್ಟು ಜೋರಾಗಿ ಎಂದರೆ ಪಲೋವಿನ ಬಾಣಸಿಗರೂ ತಿರುಗಿ ನೋಡಿದರು. "ನೀವು ಹೇಳೋ ಮೊದ್ಲೇ ನಾನೇ ಹೇಳ್ತೀನಿ. ಅದು ನಿಮ್ಮ ಮೀನು. ಮೇ ತಿಂಗಳಲ್ಲಿ ಹೋದದ್ದು. ನದೀದು ಅಂತ ನಾನು ಊರಿಗೆಲ್ಲ ಹೇಳಿದ್ದೆ. ತಪ್ಪಾಯ್ತು."

ಯಾರೋ ಕಿಸಕ್ಕೆಂದರು. ಅಸ್ರೋರರ ಕಿವಿಗಳು ಬೀಟ್‌ರೂಟಿನಂತೆ ಕೆಂಪಾಗಿದ್ದವು, ಆದರೆ ತಲೆ ತಗ್ಗಿಸಲಿಲ್ಲ. 

ಅಪ್ಪ ಕೋಟಿನ ತೋಳು ಮೇಲೇರಿಸಿ, ಹೊಸ ಪ್ಯಾಂಟಿನಲ್ಲೇ ಮಂಡಿಯೂರಿ, ಮೀನನ್ನು ಪಕ್ಕಕ್ಕೆ ಮಲಗಿಸಿ ಹಿಡಿದ. ಬೆನ್ನು ನೋಡಿದ, ಆಮೇಲೆ ಬಾಲವನ್ನು ಬೀಸಣಿಗೆಯಂತೆ ಬಿಡಿಸಿ ಬೆಳಕಿಗೆ ಹಿಡಿದ.

"ನನ್ನದು ಅಂದ್ರಾ?" ಎಂದ. "ನನ್ನ ಕೊಳದ ಮೀನಿನ ಬಾಲ ಸಿಮೆಂಟಿಗೆ ಉಜ್ಜಿ ಉಜ್ಜಿ ಮೊಂಡಾಗಿರುತ್ತೆ. ಇದನ್ನ ನೋಡಿ, ಹೊಸ ಬಟ್ಟೆ ಅಂಚಿನ ಹಾಗಿದೆ. ಸ್ವತಂತ್ರವಾಗಿ ಐದು ತಿಂಗಳು ಹೊಳೇಲಿ ಬೇಟೆ ಆಡಿ ತಿಂದಿದೆ ಇದು. ಮೂರು ಅಣೆಕಟ್ಟೆ ಇಳಿದು ಬಂದಿದೆ. ನನ್ನ ಮೀನನ್ನ ಹಿಡಿಯೋಕೆ ಬಕೆಟ್ ಸಾಕು. ಇದನ್ನ ಹಿಡಿದವರು ನೀವು. ಇದು ನಿಮ್ಮದು."

"ಇಲ್ಲ ಮಾವ, ನಿಮ್ಮದು. ತಗೊಂಡು ಹೋಗಿ ಕೊಳಕ್ಕೆ ಬಿಡಿ."

"ಬಿಡೋ ಹಾಗಿಲ್ಲಪ್ಪ. ಒಂದ್ಸಲ ಹೊರಗೆ ಹೋದ ಮೀನನ್ನ ಮತ್ತೆ ಕೊಳಕ್ಕೆ ಹಾಕಬಾರದು. ಹೊರಗಿನ ಕಾಯಿಲೆ ಉಳಿದವಕ್ಕೆ ಹತ್ತುತ್ತೆ."

"ಹಾಗಾದ್ರೂ ನಿಮ್ಮದೇ."

"ನಿಮ್ಮದೇ ಅಂದ್ನಲ್ಲ!"

ಎದೆಯ ಮೇಲೆ ಕೈಯಿಟ್ಟು, ಬಗ್ಗಿ ಬಗ್ಗಿ, ನಿಮ್ಮದು ನಿಮ್ಮದು ಎಂದು ಕಾಲು ಗಂಟೆ. ನನ್ನ ಮಾವ ಅಪ್ಪನ ಕಡೆ ಸೇರಿದರು, ನನ್ನ ಚಿಕ್ಕಪ್ಪಂದಿರು ಅಸ್ರೋರ್ ಕಡೆ. ಬಾಣಸಿಗ ಎರಡು ಸಲ ಬಂದು ಪಲೋವ್ ತಣ್ಣಗಾಗುತ್ತಿದೆ ಎಂದ. "ಇಬ್ರಿಗೂ ಬೇಡ ಅಂದ್ರೆ ನನ್ನ ಕುರ್ಚಿ ಪಕ್ಕ ಇಡಿ," ಎಂದರು ಕಿಮ್ ತಾತ. ಕೊನೆಗೆ ಜಗಲಿಯಿಂದ ಅಜ್ಜಿ ಕೋಲು ಕುಟ್ಟಿದರು.

"ವಾರದಿಂದ ಅದಕ್ಕೆ ತಿನ್ಸಿದ್ದು ಯಾರು? ಜಿಲೋಲಾ. ಅವಳನ್ನ ಕೇಳಿ."

ಎಲ್ಲರೂ ನನ್ನತ್ತ ತಿರುಗಿದರು. ಮೂವತ್ತು ಜೋಡಿ ಕಣ್ಣು. ನಾನು ಯಾರಿಗೂ ಸಲಾಮು ಮಾಡುತ್ತಿಲ್ಲ ಎಂಬುದು ಆಗ ಹೊಳೆಯಿತು.

ತಟ್ಟೆಯನ್ನು ಅತ್ತೆಯ ಕೈಗೆ ಕೊಟ್ಟೆ. ರೇಷ್ಮೆಯ ತೋಳು ಮಡಿಸಿ, ಒಲೆಯ ಬಳಿಯಿಂದ ಕಟ್ಟಿಗೆಯ ಗಿಡ್ಡ ತುಂಡು ತೆಗೆದುಕೊಂಡು, ಮೀನನ್ನು ಎತ್ತಿ ಕಟ್ಟೆಯ ಮೇಲಿಟ್ಟು ತಲೆಯ ಹಿಂದೆ ಒಂದೇ ಏಟು. ಎರಡನೇ ಏಟು ಬೇಕಾದರೆ ಮೀನಿಗೆ ಅವಮಾನ ಎಂದು ಅಪ್ಪ ಕಲಿಸಿದ್ದ. "ತಲೆ ತಿರುಗುತ್ತೆ ಅಂದಿದ್ಲು," ಎಂದರು ಅತ್ತೆ, ಚಹಾ ತಟ್ಟೆಗೆ. ಹೊಟ್ಟೆ ಸೀಳಿದೆ, ಕರುಳು ಒಂದೇ ಎಳೆತಕ್ಕೆ ಬಂತು. ಹೊಂಬಣ್ಣದ ಮೊಟ್ಟೆಗಳನ್ನು ಬಟ್ಟಲಿಗೆ ಜಾರಿಸಿ ಉಪ್ಪು ಉದುರಿಸಿ ಅಜ್ಜಿಗೆಂದು ತೆಗೆದಿಟ್ಟೆ.

"ಬೆನ್ನುಮೂಳೆ ಹತ್ರ ರಕ್ತ ಉಳಿದಿದೆ. ಉಗುರು ಹಾಕು," ಎಂದ ಅಪ್ಪ ಹಿಂದಿನಿಂದ.

"ಗೊತ್ತಪ್ಪಾ, ಹಾಕ್ತಾ ಇದ್ದೀನಿ! ಸ್ವಲ್ಪ ಬೆಳಕು ಬಿಟ್ಟು ನಿಂತ್ಕೊ."

ಯಾರೋ ಪಕ್ಕದಲ್ಲಿ ಕೂತು ನೀರು ಹೊಯ್ಯತೊಡಗಿದರು. ಒದ್ದೆಯಾದ ಅಂಗಿಯ ತೋಳು, ಆವಿ ಹತ್ತಿದ ಕನ್ನಡಕ. ಎರಡು ದಿನದ ನಂತರ ಮೊದಲ ಮಾತು: "ಇನ್ನೂ ಹೊಯ್ಲಾ?"

"ನಿಧಾನ. ಒಳಗೆ ಹೊಯ್ಯಿರಿ, ನನ್ನ ಪಾದಕ್ಕಲ್ಲ!"

"ನಂಗೂ ಕಲಿಸ್ತೀಯಾ?"

"ಮೊದ್ಲು ತಗಡು ಎಸಿಯೋದು ಕಲೀರಿ," ಎಂದೆ. ಅವರು ನಕ್ಕರು. ಈ ಸಲ ನಗು ಗಂಟಲಲ್ಲಿ ನಿಲ್ಲಲಿಲ್ಲ, ಬೀದಿಬಾಗಿಲವರೆಗೆ ಕೇಳಿಸಿತು.

ಹತ್ತಿಬೀಜದ ಎಣ್ಣೆಯಲ್ಲಿ ಎರಡು ಸಲ ಹುರಿದು, ಬೆಳ್ಳುಳ್ಳಿ ಕೊತ್ತಂಬರಿ ಅರೆದ ನೀರು ಸುರಿದೆವು. ಮೂವತ್ತು ಜನಕ್ಕೆ ಒಂದೊಂದು ತುತ್ತು. ಅಪ್ಪ ಅಗಿದು ಅಗಿದು, "ನನ್ನ ಕೊಳದ ಮೇವಿನ ರುಚಿ ಇನ್ನೂ ಇದೆ," ಎಂದ. ಅಸ್ರೋರ್, "ಇಲ್ಲವೇ ಇಲ್ಲ, ಇದು ಹೊಳೆ ರುಚಿ," ಎಂದರು. ಮತ್ತೆ ಶುರು! ಬರುವ ಭಾನುವಾರ ಸೇತುವೆಯ ಕೆಳಗೆ ಹೋಗಿ ಇನ್ನೊಂದನ್ನು ಹಿಡಿದು ತಿಂದು ತೀರ್ಮಾನಿಸುವುದೆಂದು ಮಾತಾಯಿತು. ಉಳಿದ ಮೂವತ್ತೊಂಬತ್ತು ಅಲ್ಲೆಲ್ಲೋ ಇವೆಯಂತೆ. ಮಾವ ಆಗಲೇ ನೀರಿನ ಹೊತ್ತು ಕೇಳಲು ಯಾರಿಗೋ ಫೋನು ಮಾಡುತ್ತಿದ್ದರು.

ಹೊರಡುವಾಗ ಅಮ್ಮ ಬಾಗಿಲ ಮರೆಯಲ್ಲಿ ನನ್ನ ಕೈ ಹಿಡಿದಳು. "ಭಾನುವಾರ ಗಂಡಸರು ಹೊಳೆಗೆ ಹೋಗ್ಲಿ. ನೀನು ಮನೆಗೆ ಬಾರೇ, ಎರಡು ದಿನ ಇದ್ದು ಹೋಗು."

"ಈ ಭಾನುವಾರ ಆಗಲ್ಲಮ್ಮ. ನಾನಿಲ್ದೆ ಇವರು ಅಷ್ಟೂ ತಗಡು ನೀರಿಗೆ ಹಾಕ್ತಾರೆ. ಆಮೇಲೆ ಹೌಜು ಬೇರೆ ತೊಳೀಬೇಕು. ನಮ್ಮ ಮನೇಲಿ ಕೆಲಸ ಬೇಕಾದಷ್ಟಿದೆ. ಮುಂದಿನ ವಾರ ನಿಮ್ಮ ಮನೆಗೆ ಬರ್ತೀನಿ."

"ನಿಮ್ಮ ಮನೆಗೆ," ಎಂದು ನನ್ನ ಮಾತನ್ನೇ ಮೆಲ್ಲಗೆ ತಿರುಗಿ ಹೇಳಿ, ಅಮ್ಮ ಯಾಕೋ ನನ್ನನ್ನೇ ನೋಡುತ್ತ ನಿಂತುಬಿಟ್ಟಳು. ಕೆನ್ನೆಗೆ ಮೀನಿನ ಹುರುಪೆ ಅಂಟಿತ್ತೋ ಏನೋ.